ಕಂಡದ್ದನ್ನು ಬರಿ ಎಂದ ಮೇಷ್ಟ್ರು

ಬಲಗೈ ಕಿರುಬೆರಳಿನ ಉಗುರನ್ನು ಅವರು ಉದ್ದಕ್ಕೆ ಬಿಟ್ಟಿದ್ದರು. ನಶ್ಯ ಹತ್ತಿ ಅದು ಕಂದುಗಟ್ಟಿತ್ತು. ನಾವು ಬರೆದ ಹಾಳೆಯಲ್ಲಿ ಬೇಡವಾದ ಸಾಲನ್ನು ಆ ಉಗುರಿನಿಂದಲೇ ಗೀರುತ್ತಿದ್ದರು. ಹಾಳೆ ಹರಿದರೆ, "ಹರೀಲಿ ಬಿಡು, ಇನ್ನೊಂದ್ಸಲ ಬರಿ" ಅನ್ನುತ್ತಿದ್ದರು. ಈಗಲೂ ಆ ಉಗುರು ನೆನಪಾದರೆ ಮೈ ಉರಿಯುತ್ತದೆ. ಅವರನ್ನು ಬಹುವಚನದಲ್ಲಿ ಕರೆಯುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದಲ್ಲ.

ಎಪ್ಪತ್ತರ ದಶಕದ ನಡುವೆ, ಬೇಸಿಗೆ ರಜೆಯಲ್ಲಿ, ಹಳೇಬೀಡಿನ ಶಾಲೆಯೊಂದರಲ್ಲಿ ಹತ್ತು ದಿನದ ಚಿತ್ರಕಥೆ ಶಿಬಿರ ನಡೆಯಿತು. ಮೇಷ್ಟ್ರು ಮದರಾಸಿನಲ್ಲಿ ಸಿನಿಮಾಗಳಿಗೆ ಬರೆದು ಬಂದವರು. ಅರಸೀಕೆರೆಯ ರೈಲ್ವೆ ಗುಮಾಸ್ತ, ಬೇಲೂರಿನ ಬಸ್ ಕಂಡಕ್ಟರ್, ಹಾರನಹಳ್ಳಿಯ ಇಬ್ಬರು ಹುಡುಗರು, ಹೀಗೆ ಹತ್ತು ಹನ್ನೆರಡು ಜನ ಸೇರಿದ್ದರು. ಹೆಣ್ಣೆಂದರೆ ನಾನೊಬ್ಬಳೇ, ಜವಳಿ ಅಂಗಡಿಯ ಜೈನರ ಮನೆಯವಳು. ಕೊನೆಯ ದಿನ ಆರಿಸಿದ ಒಂದು ಚಿತ್ರಕಥೆ ಬೆಂಗಳೂರಿನ ನಿರ್ಮಾಪಕರಿಗೆ ಹೋಗುತ್ತದೆ ಎಂದಿದ್ದರು. ನಮ್ಮಪ್ಪನೂ ಒಂದು ಮಾತು ಹೇಳಿದ್ದರು: "ನಿಂದು ಆರಿಸಿದ್ರೆ ಬರ್ಕೊಂಡಿರು. ಇಲ್ದಿದ್ರೆ ಈ ಸಲ ಬಂದ ಗಂಡನ್ನ ಒಪ್ಕೋಬೇಕು."

ಮೊದಲ ದಿನವೇ ನನ್ನ ಹಾಳೆ ಹರಿಯಿತು. "'ಅವಳು ಮನಸ್ಸಿನಲ್ಲೇ ನೊಂದಳು' ಅಂತ ಬರ್ದಿದೀಯ. ಮನಸ್ಸಿನೊಳಗೆ ಕ್ಯಾಮೆರಾ ಹೇಗಮ್ಮ ಇಡೋದು? ಕಣ್ಣಿಗೆ ಕಂಡದ್ದನ್ನ ಬರಿ." ಕಂಡಕ್ಟರನಿಗೆ, "ಟಿಕೆಟ್ ಹರಿಯೋ ಕೈಗೆ ಪೆನ್ ಯಾಕಪ್ಪಾ?" ಎಂದರು. ಪಾಪ, ಮೂರನೆಯ ದಿನದಿಂದ ಅವನು ಬರಲೇ ಇಲ್ಲ.

ನಾನು ಹಟ ಹಿಡಿದು ಕಂಡದ್ದನ್ನೇ ಬರೆದೆ. ನಮ್ಮ ಮನೆಯಲ್ಲಿ ಗಂಡ ಸತ್ತ ಮೇಲೆ ಬಂದು ನಿಂತಿದ್ದ ಸೋದರತ್ತೆ ಇದ್ದರು. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ಗಂಡಸರು ಅಂಗಡಿಯಿಂದ ಬರುವುದೇ ಕೊನೇ ಗಳಿಗೆಗೆ. ಅವರಿಗೆಲ್ಲ ಬಡಿಸಿ ಮುಗಿಸುವಷ್ಟರಲ್ಲಿ ಎಷ್ಟೋ ದಿನ ಹೊತ್ತು ಮುಳುಗಿರುತ್ತಿತ್ತು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ಆಕಾಶ ನೋಡಿ, ತಮ್ಮ ತಟ್ಟೆಯನ್ನು ಹಾಗೇ ಬೋರಲು ಹಾಕುತ್ತಿದ್ದರು. ಅದನ್ನೇ ಬರೆದಿದ್ದೆ.

ಮೇಷ್ಟ್ರು ಓದಿದರು. "ಚೆನ್ನಾಗಿದೆ. ಆದ್ರೆ ಇಲ್ಲಿಗೇ ನಿಲ್ಸಿದ್ರೆ ಜನ ಅಳಲ್ಲ. ಎಲ್ಲಾ ಮಲಗಿದ್ಮೇಲೆ ದೀಪ ಹಚ್ಕೊಂಡು, ಅಳ್ತಾ ಅಳ್ತಾ ತಂಗಳನ್ನ ಉಣ್ಲಿ."

"ನಮ್ಮತ್ತೆ ಹಾಗೆ ಮಾಡಲ್ಲ ಸಾರ್. ಪ್ರಾಣ ಹೋದ್ರೂ ಉಣ್ಣಲ್ಲ."

"ಸಿನಿಮಾದಲ್ಲಿ ಉಣ್ಲಿ ಬಿಡಮ್ಮ, ನಿಜವಾಗ್ಲೂ ಉಣ್ಣು ಅಂದ್ನಾ? ಬರ್ಕೊಂಡ್ ಬಾ, ನಿಂದೇ ಆರಿಸ್ತೀನಿ."

ಎಲ್ಲರೂ ನಕ್ಕರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಕಂಡದ್ದನ್ನು ಬರಿ ಎಂದ ಬಾಯಲ್ಲೇ, ಯಾರೂ ಯಾವತ್ತೂ ಕಾಣದ್ದನ್ನು ಬರಿ ಎನ್ನುತ್ತಿದ್ದರು. ಅದು ಗೊತ್ತಿದ್ದೂ ಬರೆದುಕೊಂಡು ಹೋದೆ.

ಕೊನೆಯ ದಿನ ಮನೆಯವರನ್ನೆಲ್ಲ ಕರೆದಿದ್ದರು. ನಮ್ಮ ಬೀದಿಯವರ ನಡುವೆ, ಮುಂದಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಆರಿಸಿದ್ದು ನನ್ನದನ್ನೇ. ಮೇಷ್ಟ್ರು ಎದ್ದು ನಿಂತು, ದನಿ ನಡುಗಿಸಿ ಓದಿದರು: ದೀಪ, ತಂಗಳನ್ನ, ಮೊದಲ ತುತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ನಮ್ಮ ಬೀದಿಯವರು ಮಾತ್ರ ಅತ್ತೆಯ ಮುಖ ನೋಡಿದರು. ಅತ್ತೆ ಎದ್ದು, ಸೆರಗು ಹೊದ್ದುಕೊಂಡು ಹೊರಟುಹೋದರು. "ನೋಡಿದ್ಯಾ? ಅಳು ತಡ್ಕೊಳಕ್ಕಾಗ್ಲಿಲ್ಲ ಅವರಿಗೆ!" ಎಂದು ಮೇಷ್ಟ್ರು ಹಿಗ್ಗಿದರು.

ಮನೆಗೆ ಹೋದಾಗ ಅತ್ತೆ ಒಂದೇ ಮಾತು ಕೇಳಿದರು: "ನಾನ್ಯಾವತ್ತು ಕದ್ದು ಉಂಡಿದ್ದೆ, ಹೇಳೇ?"

ಮರುದಿನ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರ ಬಳಿ ಹೋಗಿ, ಅತ್ತೆ ಅಂದದ್ದನ್ನು ಹೇಳಿ, ನನ್ನ ಚಿತ್ರಕಥೆ ವಾಪಸ್ ಕೇಳಿದೆ. "ಹುಚ್ಚು ಹುಡುಗಿ, ನಿಮ್ಮತ್ತೆ ನಾಕು ದಿನ ಮುನಿಸ್ಕೋತಾರೆ, ಅಷ್ಟೇ ತಾನೇ?" ಎಂದರು. ನಾನು ಅವರ ಚೀಲದಿಂದ ಹಾಳೆಗಳನ್ನು ಕಿತ್ತುಕೊಂಡು ಬಂದೆ. ಆ ವರ್ಷವೇ ನನ್ನ ಮದುವೆಯಾಯಿತು. ಅತ್ತೆ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಬರೆಯಲು ಕೂತೆ. ನನ್ನದೊಂದು ಚಿತ್ರಕಥೆ ಸಿನಿಮಾ ಆಯಿತು. ಅದರಲ್ಲಿ ಕ್ಯಾಮೆರಾಕ್ಕೆ ಕಾಣದ ಒಂದು ಸಾಲೂ ಇಲ್ಲ ಎಂದು ಎಲ್ಲರೂ ಹೊಗಳಿದರು. ಅದನ್ನು ಕಲಿಸಿದವರು ಅವರೇ. ಆ ಋಣ ಇಲ್ಲವೆನ್ನಲು ಆಗುವುದಿಲ್ಲವಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ತವರಿನಲ್ಲಿದ್ದೆ. ಓದಿ ಹೇಳಿದವರು ಅತ್ತೆಯೇ.

"ಒಳ್ಳೇದಾಯ್ತು," ಎಂದೆ. "ನಿಮ್ಮ ಮಾನ ಕಳೆದ ಮನುಷ್ಯ."

ಅತ್ತೆ ಪತ್ರಿಕೆ ಮಡಿಸಿಟ್ಟರು.

"ಹಂಗನ್ಬಾರ್ದು ಕಣೇ. ಅವರೇನೋ ಬರಿ ಅಂದ್ರು. ಬರೆದೋಳು ನೀನು."