ಐದು ಮೂಲೆಯ ಪಾನಾಕ್ಕೊಂದು ಸಂಬಂಧ

ಬ್ರಹ್ಮ ಗಂಟು ಹಾಕುವುದನ್ನು ಎಂದೋ ನಿಲ್ಲಿಸಿದ್ದಾನೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮಟ್ಟಿಗೆ ಆ ಕೆಲಸವನ್ನು ತನಗೆ ವಹಿಸಿದ್ದಾನೆ ಎಂದು ಬಳಗಾನೂರಿನ ಮೈಲಾರಲಿಂಗಪ್ಪ ನಂಬಿದ್ದ. ನಿಜಾಮ ಸರಕಾರ ತಹಸೀಲ್ದಾರನನ್ನು ನೇಮಿಸಿದ ಹಾಗೆಯೇ ದೇವರು ತನ್ನನ್ನು ನೇಮಿಸಿದ್ದು. ಫರಕು ಇಷ್ಟೇ, ತಹಸೀಲ್ದಾರನಿಗೆ ಬದಲಿ ಆಗುತ್ತದೆ, ತನಗೆ ಆಗುವುದಿಲ್ಲ.

ಈ ನೇಮಕಾತಿಯ ಗುರುತು ಅವನ ಕೆಂಪು ರುಮಾಲು. ದಿನಾ ಬೆಳಿಗ್ಗೆ ಹೆಂಡತಿ ಗ್ಯಾನಮ್ಮ ಅದರ ಒಂದು ತುದಿ ಹಿಡಿದು ಅಂಗಳದ ಆಚೆ ನಿಲ್ಲಬೇಕು, ಇವನು ಇನ್ನೊಂದು ತುದಿಯಿಂದ ಸುತ್ತಿಕೊಳ್ಳುತ್ತ ಬರಬೇಕು. ಸುತ್ತು ಮುಗಿಯುವಷ್ಟರಲ್ಲಿ ಅವನ ಬಾಯಿಗೆ ಸಂಬಂಧ ಕುದುರಿಸುವ ಕಳೆ ಬಂದುಬಿಡುತ್ತಿತ್ತು. ಮೆಳ್ಳಗಣ್ಣಿನ ಹುಡುಗ ‘ಎರಡೂ ಕಡೆ ಲಕ್ಷ್ಯ ಇಡುವವ’ ಆಗುತ್ತಿದ್ದ. ಜಗಳಗಂಟಿ ಅತ್ತೆ ‘ಮನಸಿನ್ಯಾಗ ಏನೂ ಇಟಗೊಳ್ಳದಾಕಿ’ ಆಗುತ್ತಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತನ್ನು ಅವನು ಗಾದೆ ಎಂದುಕೊಂಡಿರಲಿಲ್ಲ, ಲೆಕ್ಕಾಚಾರ ಎಂದುಕೊಂಡಿದ್ದ.

ಆದರೆ ಹೋದ ವರ್ಷ ಸಿಂಧನೂರಿನ ಒಂದು ಸಂಬಂಧ ಹಂದರ ಹಾಕಿದ ಮೇಲೆ ಮುರಿದುಬಿತ್ತು. ಅಂದಿನಿಂದ ಮಂದಿ ಅವನನ್ನು ಕಂಡರೆ ನಗಲಿಕ್ಕೆ ಶುರು ಮಾಡಿದ್ದರು. ಈ ಸಲ ಹಟ್ಟಿಯ ಗದ್ದೆಮ್ಮನ ಮಗ ಅಮರಪ್ಪನಿಗೆ ಮಸ್ಕಿಯ ವೆಂಕೋಬಗೌಡನ ಮಗಳು ಕನಕಮ್ಮನನ್ನು ತರಬೇಕಾಗಿತ್ತು. ಇದೂ ಮುರಿದರೆ ರುಮಾಲು ಬಿಚ್ಚಿ ದನ ಒರೆಸಲಿಕ್ಕೆ ಇಟ್ಟುಕೊಳ್ಳಬೇಕು.

ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪದವನು ಗೌಡ ಒಬ್ಬನೇ. ಗೌಡನ ಬಿಂಕಕ್ಕೂ ಕಾರಣವಿತ್ತು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಕಾಲದ ಶಾಸನ ಸಿಕ್ಕು, ದೂರದಿಂದ ಸಾಹೇಬರು ಬಂದು ಹೋದಾಗಿನಿಂದ ಊರಿನವರೆಲ್ಲ ತಮ್ಮ ತಮ್ಮ ಹೊಲದ ಕಲ್ಲುಗಳನ್ನು ತಿರುವಿ ತಿರುವಿ ನೋಡುತ್ತಿದ್ದರು. ಗೌಡನ ಹೊಲದಲ್ಲಿ, ಬಂಡಿದಾರಿಯ ಬದಿಗೆ, ಕಲ್ಲಲ್ಲ, ಕಬ್ಬಿಣವೇ ಸಿಕ್ಕಿತ್ತು: ತೋಳುದ್ದದ ಹಿಡಿಕೆ, ತುದಿಗೆ ಗುಂಡನೆಯ ತಲೆ, ತಲೆಯಲ್ಲಿ ಐದು ಮೂಲೆಯ ಒಂದು ತೂತು. ಅದು ಅಶೋಕ ಚಕ್ರವರ್ತಿಯ ಸೇನಾಪತಿಯ ಆಯುಧ ಎಂದು ಗೌಡನೇ ತೀರ್ಮಾನಿಸಿ, ಪಡಸಾಲೆಯಲ್ಲಿ ತೂಗುಹಾಕಿ, ಅರಿಷಿಣ ಕುಂಕುಮ ಏರಿಸಿದ್ದ.

“ಹುಡುಗಗ ನಿಮ್ಮ ಮಗಳನ್ನ ಬ್ರಹ್ಮನಾ ಬರದಾನ್ರೀ ಗೌಡ್ರ,” ಎಂದ ಮೈಲಾರಲಿಂಗಪ್ಪ. “ಜಗತ್ತಿನ್ಯಾಗ ಜೋಡಿ ಇಲ್ಲದ್ದು ಯಾವುದೂ ಇಲ್ಲ. ಯಾವುದರ ಜೋಡಿ ಯಾವುದು ಅಂತ ನಾ ನೋಡಿದ ಕೂಡ್ಲೇ ಹೇಳ್ತೀನಿ.”

ಗೌಡ ಮೀಸೆ ತಿರುವಿ ಗೋಡೆಯ ಕಡೆ ಕೈ ಮಾಡಿದ. “ಹಂಗಾದ್ರ ಇದರ ಜೋಡಿ ಹೇಳು. ಬರೋ ಹುಣ್ಣಿವಿ ಒಳಗ ಹೇಳಿದ್ರ ಮಗಳನ್ನ ಕೊಡ್ತೀನಿ. ಇಲ್ಲಂದ್ರ ರಾಯಚೂರಿನವರು ಕಾಯಾಕತ್ತಾರ.”

ಬೇರೆ ಯಾರಾದರೂ ಆಗಿದ್ದರೆ ನೀರು ಕುಡಿದು ಎದ್ದು ಹೋಗುತ್ತಿದ್ದರು. “ಐತ್ರೀ ಗೌಡ್ರ, ಜೋಡಿ ಐತಿ,” ಎಂದ ಇವನು. “ಹೇಳದಿದ್ರ ಈ ರುಮಾಲು ನಿಮ್ಮ ಕಟ್ಟಿ ಮ್ಯಾಲಿಟ್ಟು, ಬರೀ ತಲೀಲೆ ಬಳಗಾನೂರಿಗೆ ನಡಕೋತ ಹೋಗ್ತೀನಿ. ಒಂದೀಟು ಅದನ್ನ ಕೊಡ್ರಿ, ಒಯ್ದು...”

“ಪೂಜಿಯ ವಸ್ತು ಹೊಸ್ತಿಲಾ ದಾಟಂಗಿಲ್ಲ.”

ಮದುವೆ ಕೂಡಿಸುವವನಿಗೆ ಇದು ಹೊಸದಲ್ಲ. ಯಾವ ಮನೆಯಲ್ಲೂ ಹುಡುಗಿಯನ್ನು ಮೊದಲೇ ಹೊರಗೆ ಕಳಿಸುವುದಿಲ್ಲ. ಜಾತಕ ಕೊಟ್ಟು ಕಳಿಸುತ್ತಾರೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕನಕಮ್ಮನಿಗೆ ಒಂದು ದಪ್ಪ ರೊಟ್ಟಿ ಮಾಡಲು ಹೇಳಿದ. ಅವಳು ಬಿಸಿ ರೊಟ್ಟಿಯ ಮೇಲೆ ಆ ಕಬ್ಬಿಣದ ತಲೆ ಇಟ್ಟು, ತೂತಿನೊಳಗೆ ಚಾಕು ಆಡಿಸಿ, ಅದರಷ್ಟೇ ಐದು ಮೂಲೆಯ ತೂತು ಕೊರೆದು ಕೊಟ್ಟಳು.

“ಕಾಕಾ, ಹಸಿವಾತಂತ ದಾರ್ಯಾಗ ತಿಂದಗಿಂದೀರಿ,” ಎಂದಳು ಮೆಲ್ಲಗೆ. “ನನ್ನ ಬಾಳೇವು ಐತಿ ಅದರಾಗ.”

ಹೆಗಲ ಮೇಲಿನ ವಲ್ಲಿಯಲ್ಲಿ ರೊಟ್ಟಿ ಸುತ್ತಿಕೊಂಡು ಮೈಲಾರಲಿಂಗಪ್ಪ ಲಿಂಗಸುಗೂರಿಗೆ ನಡೆದ. ಅಲ್ಲಿ ದಂಡು ಬಿಟ್ಟುಹೋದ ಹಳೆಯ ಛಾವಣಿಯ ಹತ್ತಿರ ಟಾಂಗಾ, ಮೋಟಾರು ಎರಡನ್ನೂ ರಿಪೇರಿ ಮಾಡುವ ಲಾಲ್‌ಸಾಬ್ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ತೂತಿನಿಂದ ಇವನನ್ನೇ ನೋಡಿದ.

“ಇದು ಪಾನಾದ ಬಾಯಿ ಮೈಲಾರಣ್ಣ. ನಟ್ಟು ಬಿಚ್ಚೋ ಪಾನಾ. ಆಯುಧ ಅಲ್ಲ, ಏನಲ್ಲ. ಆದ್ರ ನಾಕು ಮೂಲಿ ನಟ್ಟು ನೋಡೀನಿ, ಆರು ಮೂಲೀದು ನೋಡೀನಿ, ಐದು ಮೂಲೀದು ನಮ್ಮಪ್ಪಾನೂ ನೋಡಿಲ್ಲ.”

“ಕನ್ಯಾ ಇಲ್ಲದ ವರ ಇರತಾನೇನು ಲಾಲ್‌ಸಾಬ್?”

“ನಮ್ಮ ಓಣ್ಯಾಗ ಬೇಕಾದಷ್ಟು ಮಂದಿ ಅದಾರ. ಮೊದಲು ಅವರಿಗೆ ನೋಡು.”

ಪಾನಾ ಎಂದು ತಿಳಿದದ್ದೇ ಮೈಲಾರಲಿಂಗಪ್ಪನಿಗೆ ಅರ್ಧ ಮದುವೆ ಆದಷ್ಟು ಸಂತೋಷವಾಯಿತು. ಇನ್ನು ನಟ್ಟು ಸಿಕ್ಕರಾಯಿತು. ಛಾವಣಿಯ ಪಾಳು ಬಂಗಲೆಗಳ ಬಾಗಿಲು, ಬಾವಿಯ ಗಾಲಿ, ಬಿಳಿ ದೊರೆಗಳ ಗೋರಿಯ ಸುತ್ತಲಿನ ಕಬ್ಬಿಣದ ಬೇಲಿ, ಒಂದನ್ನೂ ಬಿಡದೆ ರೊಟ್ಟಿ ಹಿಡಿದು ನೋಡಿದ. ಸಿಂಧನೂರಿಗೆ ಹೋಗಿ ಅರಳೆ ಗಿರಣಿಯ ಯಂತ್ರದ ಮೈತುಂಬ ರೊಟ್ಟಿ ಹಿಡಿದ. “ಯಂತ್ರಕ್ಕ ರೊಟ್ಟಿ ಉಣಿಸಾಕ ಬಂದಾನಲೇ, ಪಲ್ಯ ತಂದು ಕೊಡ್ರಲೇ!” ಎಂದು ಹಮಾಲರು ನಕ್ಕರು. “ಉಣ್ಣೋದು ಯಾವುದು, ಉಣ್ಣದ್ದು ಯಾವುದು ಅಂತ ನನಗ ಗೊತ್ತೈತಿ,” ಎಂದು ಇವನು ರುಮಾಲು ಸರಿಮಾಡಿಕೊಂಡು ಹೊರಟ. ಆದರೆ ಊರ ಹೊರಗೆ ಬಂದು ನಿಂತಾಗ, ಹುಣ್ಣಿಮೆಗೆ ನಾಲ್ಕೇ ದಿನ ಉಳಿದಿವೆ ಎನ್ನುವುದು ರುಮಾಲಿಗೂ ತಿಳಿದಂತೆ ಅದು ತುಸು ಭಾರವಾಯಿತು.

ಹುಡುಗನ ತಾಯಿಗೆ ಸುದ್ದಿ ಮುಟ್ಟಿಸದೆ ಇರಲಾಗದು. ಹಟ್ಟಿಗೆ ಹೋಗಿ ಗದ್ದೆಮ್ಮನ ಜಗಲಿಯ ಮೇಲೆ ಎಂದಿನ ಜಾಗದಲ್ಲಿ ಕೂತ. ಜಾಗವೆಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಬಂಗಾರದ ಗಣಿ ನಿಂತು ದೊರೆಗಳು ಹೋದಾಗ ಅವರ ಸಾಮಾನಿನ ಹರಾಜಿನಲ್ಲಿ ಗದ್ದೆಮ್ಮನ ಗಂಡ ಕೊಂಡು ತಂದದ್ದು. ಮುಚ್ಚಳ ಯಾರಿಂದಲೂ ತೆರೆಯಲಾಗದೆ, ಅವನು ತೀರಿಕೊಂಡ ಮೇಲೂ ಬಂದವರಿಗೆ ಕೂಡಲಿಕ್ಕೆ ಆಸನವಾಗಿ ಉಳಿದಿತ್ತು. ನಡುಮಧ್ಯ ಏನೋ ಒಂದು ಮೇಲೆದ್ದು ಚುಚ್ಚುತ್ತದೆಂದು ಮೈಲಾರಲಿಂಗಪ್ಪ ಪ್ರತಿ ಸಲ ವಲ್ಲಿ ಮಡಚಿ ಅಡಿಗೆ ಹಾಕಿಕೊಂಡೇ ಕೂರುತ್ತಿದ್ದ. ಈ ಸಲ ವಲ್ಲಿಯಲ್ಲಿ ರೊಟ್ಟಿ ಇತ್ತು. ಬರಿಯ ಪೆಟ್ಟಿಗೆಯ ಮೇಲೇ ಕೂತ.

“ಅಯ್ಯಯ್ಯೋ!” ಎಂದು ಹಾರಿ ಎದ್ದ.

“ಏನಾತೋ ಯಣ್ಣಾ? ಚೇಳು ಕಡೀತೇನು?” ಎಂದು ಗದ್ದೆಮ್ಮ ಓಡಿ ಬಂದಳು.

ಮೈಲಾರಲಿಂಗಪ್ಪ ಬೈಯಲು ಬಾಯಿ ತೆರೆದವನು ಪೆಟ್ಟಿಗೆಯ ಮೇಲೆ ಬಗ್ಗಿದ. ತನ್ನನ್ನು ಚುಚ್ಚಿದ್ದನ್ನು ಜನ್ಮದಲ್ಲಿ ಮೊದಲ ಸಲ ಕಣ್ಣಿನಿಂದ ನೋಡಿದ. ಮುಚ್ಚಳದ ನಟ್ಟು. ಮೂಲೆ ಎಣಿಸಿದ. ಇನ್ನೊಮ್ಮೆ ಎಣಿಸಿದ. ವಲ್ಲಿ ಬಿಚ್ಚಿ ರೊಟ್ಟಿ ತೆಗೆದು ಅದರ ಮೇಲಿಟ್ಟ. ರೊಟ್ಟಿ ತವರಿಗೆ ಬಂದ ಮಗಳ ಹಾಗೆ ಕೂತುಬಿಟ್ಟಿತು.

“ತಂಗೀ,” ಎಂದ, ದನಿ ತಗ್ಗಿಸಿ. “ಈ ಸಂಬಂಧ ನಾ ಮೊದಲಾ ಕೂಡಿಸೀನಿ. ಕುಂತಲ್ಲೇ.”

ಹುಣ್ಣಿಮೆಯ ಮುನ್ನಾದಿನ ಮಸ್ಕಿಗೆ ಹೋಗುವ ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ಗೌಡನ ಆಯುಧವನ್ನು ನಟ್ಟು ಬಿಚ್ಚುವ ಪಾನಾ ಎಂದರೆ ಗೌಡನ ಮಾನ ಹೋಗುತ್ತದೆ, ಮಾನ ಹೋದರೆ ಮಗಳು ರಾಯಚೂರಿಗೆ ಹೋಗುತ್ತಾಳೆ. ಹಾಗಾಗಿ ಒಳ್ಳೆಯದೊಂದು ಸುಳ್ಳು ಬೇಕು. ಎಷ್ಟು ಯೋಚಿಸಿದರೂ ಸತ್ಯಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲ.

“ಗೌಡ್ರ, ಅದು ಆಯುಧ ಅಲ್ಲ. ಕೀಲಿ. ಹಟ್ಟ್ಯಾಗ ಗದ್ದೆಮ್ಮನ ಜಗಲಿ ಮ್ಯಾಲಿರೋ, ಬಂಗಾರ ಇಡತಿದ್ದ ಪೆಟ್ಟಿಗಿ ಕೀಲಿ. ಮಂದಿ ಕೈಯಾಗಿನ ಪಾನಾದಿಂದ ಬಿಚ್ಚಬಾರದಂತ ದೊರಿಗಳು ಬೇಕಂತ ಐದು ಮೂಲಿ ಮಾಡಿಸ್ಯಾರ. ಅವರ ಬಂಡಿಯಿಂದ ಬಿದ್ದು ಹುಡುಕೊಂಡು ಬಂದದ್ದು ನಿಮ್ಮ ಹೊಲಕ್ಕ.”

“ಅಶೋಕಂದಲ್ಲ?”

“ಅಶೋಕಗ ಬಂಗಾರದ ಆಶಾ ಎಲ್ಲಿತ್ರೀ? ಇದು ಖಜಾನೀದು.”

ಗೌಡ ಅದನ್ನು ಗೋಡೆಯಿಂದ ಇಳಿಸಿಕೊಂಡ. ಆಮೇಲೆ ಪೂಜೆಯ ವಸ್ತು ಹೊಸ್ತಿಲು ದಾಟಬಾರದೆಂದು ಹೇಳಿದವನೇ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಗಾಡಿ ಹೂಡಿಸಿ ಹಟ್ಟಿಗೆ ಹೊರಟ. ಖಜಾನೆಯ ಕೀಲಿಯನ್ನು ಮಂದಿಯ ಕೈಗೆ ಕೊಡಬಾರದಲ್ಲ.

ಪಾನಾ ನಟ್ಟಿನ ಮೇಲೆ ಸರಿಯಾಗಿ ಕೂತಿತು. ಆದರೆ ತಿರುಗಲಿಲ್ಲ. ಗೌಡ ಒತ್ತಿದ, ಇಲ್ಲ. ಗೌಡನ ಮುಖ ಕೆಂಪಾಯಿತು. ಮೈಲಾರಲಿಂಗಪ್ಪನ ಕೈ ತಾನಾಗಿ ರುಮಾಲಿನ ಕಡೆ ಹೋಯಿತು. ಅಷ್ಟರಲ್ಲಿ ಅಮರಪ್ಪ ಕುಸುಬೆ ಎಣ್ಣೆಯ ಗಿಂಡಿ ತಂದು ನಟ್ಟಿನ ಸುತ್ತ ಸುರಿದು, “ಮಾವಾರ, ನೀವು ಆ ಕಡೆ ಹಿಡೀರಿ, ನಾ ಈ ಕಡೆ ನೂಕ್ತೀನಿ,” ಎಂದ. ಇಬ್ಬರೂ ಕೂಡಿ ಒತ್ತಿದರು. ನಟ್ಟು ಹಂದಿ ಕೂಗಿದಂತೆ ಕೂಗಿ ತಿರುಗಿತು. ಹುಡುಗ ತನ್ನನ್ನು ಮಾವಾರ ಎಂದದ್ದಕ್ಕೆ ಸಿಟ್ಟಾಗಬೇಕೆಂದು ಗೌಡನಿಗೆ ನೆನಪಾದಾಗ ಮುಚ್ಚಳ ತೆರೆದಾಗಿತ್ತು.

ಒಳಗೆ ಏನೂ ಇರಲಿಲ್ಲ.

“ಬಂಗಾರ?” ಎಂದ ಗೌಡ.

“ಬಂಗಾರ ಅವರು ಒಯ್ದಾರ್ರೀ. ಕೀಲಿ ನಿಮಗ ಬಿಟ್ಟಾರ.”

ಗದ್ದೆಮ್ಮ ಮಾತ್ರ ಒಳಗೆ ತಲೆ ಹಾಕಿ ಹಿಗ್ಗಿದಳು. “ತ್ಯಾವ ಇಲ್ಲ, ಇಲಿ ತೂತಿಲ್ಲ. ವರ್ಷದ ಜೋಳ ಹಿಡೀತೈತಿ ನೋಡು! ಆದ್ರ ಗೌಡ್ರ, ಜೋಳ ಬೇಕಾದಾಗೆಲ್ಲ ನಾ ಮಸ್ಕಿಗೆ ಓಡಿ ಬರಲೇನ್ರಿ? ಕೀಲಿ ಇಲ್ಲೇ ಕೊಡ್ರಿ.”

“ಪೂಜಿಯ ವಸ್ತು ಹಂಗ ಕೊಡಂಗಿಲ್ಲ,” ಎಂದ ಗೌಡ. “ಮಗಳ ಜೋಡಿ ಬರತೈತಿ.”

ಹಾಗೆ ಬಂತು. ಮದುವೆಯ ಬಳುವಳಿಯಲ್ಲಿ ಹಿತ್ತಾಳೆ ಕೊಡ, ತಾಮ್ರದ ಹಂಡೆಗಳ ನಡುವೆ ಅರಿಷಿಣ ಹಚ್ಚಿದ ಐದು ಮೂಲೆಯ ಪಾನಾ ಹಟ್ಟಿಗೆ ಬಂದು, ಕನಕಮ್ಮನ ಮಂಚದ ತಲೆದೆಸೆಯಲ್ಲಿ ನೇತಾಡಿತು. ಅತ್ತೆಯ ಮನೆಯ ಕಾಳಿನ ಕೀಲಿ ತವರಿನಿಂದಲೇ ತಂದ ಸೊಸೆ ಆ ಸೀಮೆಯಲ್ಲಿ ಅವಳೊಬ್ಬಳೇ. ಗದ್ದೆಮ್ಮನಿಗೆ ಇದು ತಿಳಿದದ್ದು, ಒಂದು ಬೆಳಿಗ್ಗೆ ಬೀಸಲಿಕ್ಕೆ ಜೋಳ ಬೇಕಾಗಿ, “ಯವ್ವಾ ಕನಕಾ, ಒಂದೀಟು ಪೆಟ್ಟಿಗಿ ತಗೀತಿಯೇನು?” ಎಂದು ತನ್ನ ಮನೆಯಲ್ಲೇ ಕೇಳಿ ನಿಂತಾಗ.

ಅದನ್ನೂ ಮೊದಲೇ ಲೆಕ್ಕ ಹಾಕಿಯೇ ಕೂಡಿಸಿದೆ ಎಂದು ಮೈಲಾರಲಿಂಗಪ್ಪ ಊರೂರಲ್ಲಿ ಹೇಳುತ್ತಿದ್ದ. ರುಮಾಲಿನ ಇನ್ನೊಂದು ತುದಿ ಹಿಡಿದು ನಿಂತ ಗ್ಯಾನಮ್ಮ ಮಾತ್ರ, “ಹೌದೌದು, ಚುಚ್ಚಿದ ಮ್ಯಾಲೆ,” ಎನ್ನುತ್ತಿದ್ದಳು.