ಲೆನ್ಸಿಗೆ ಅಡ್ಡ ಹಿಡಿದ ಸೆರಗು

ಲೆನ್ಸನ್ನು ತಿರುಗಿಸಿ ಬಿಚ್ಚಿದ್ದೇ ತಡ, ಕಣದಲ್ಲಿ ಗಾಳಿ ಎದ್ದು ರಾಗಿ ಹೊಟ್ಟು ನನ್ನ ಮುಖಕ್ಕೇ ಬಂತು. ಐವತ್ತರ ದಶಕದ ಕೊನೆ, ನಗರಗೆರೆ ಹತ್ತಿರದ ಹಳ್ಳಿ. ರಾಶಿ ಪೂಜೆಯ ದಿನ ಹೊಸ ಸೊಸೆಯೊಂದಿಗೆ ಮನೆಮಂದಿಯ ಫೋಟೊ ತೆಗೆಯಲು ಗೌರಿಬಿದನೂರಿನಿಂದ ಹೋಗಿದ್ದೆ. ಎಲ್ಲರೂ ಫೋಟೊದಲ್ಲಿ ಹಿಡಿಸುತ್ತಿರಲಿಲ್ಲ, ಹಿಂದೆ ಸರಿಯಲು ಹುಲ್ಲಿನ ಬಣವೆ ಅಡ್ಡ. ಅಗಲಕ್ಕೆ ಹಿಡಿಯುವ ಇನ್ನೊಂದು ಲೆನ್ಸ್ ಹಾಕಬೇಕಿತ್ತು. ಅವಸರಕ್ಕೆ ಅದರ ತಿರುಪು ಕೂರುತ್ತಿಲ್ಲ. ಇದ್ದದ್ದು ಒಂದೇ ಕ್ಯಾಮೆರಾ. ಒಳಗೆ ಧೂಳು ಹೊಕ್ಕರೆ ನನ್ನ ಕಥೆ ಮುಗಿದಂತೆ.

ಗಂಡನಿಲ್ಲದವಳು ಶುಭದ ಫೋಟೊದಲ್ಲಿ ನಿಲ್ಲಬಾರದೆಂದು ದೂರ ಕೂತಿದ್ದ ಆ ಮನೆಯ ಅಜ್ಜಿ ಎದ್ದು ಬಂದು, ನನ್ನ ಕೈ, ಕ್ಯಾಮೆರಾ ಎರಡರ ಮೇಲೂ ತಮ್ಮ ಬಿಳಿ ಸೆರಗು ಹೊದಿಸಿದರು.

"ಹಾಲು ಕುಡಿಯೋ ಮಗೂನ ಹಿಂಗೇ ಮುಚ್ಕೊಂಡು ಕೂರ್ತೀವಿ ಕಣಪ್ಪ. ನಿಧಾನಕ್ಕೆ ಹಾಕು."

ತಿರುಪು ಸರಾಗವಾಗಿ ಕೂತಿತು. ನೀವೂ ನಿಂತ್ಕೊಳ್ಳಿ ಎಂದರೆ ಅಜ್ಜಿ ಒಪ್ಪಲಿಲ್ಲ. ನನ್ನ ಪಕ್ಕದಲ್ಲೇ ಗಾಳಿಗೆ ಸೆರಗು ಅಡ್ಡ ಹಿಡಿದು ನಿಂತರು.

ಆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಕಿಂಡಿಯಲ್ಲಿ ನನಗೆ ಕಾಣದ್ದು ಪ್ರಿಂಟಿನಲ್ಲಿ ಕಂಡಿತು: ಅಂಚಿನಲ್ಲಿ ಮಸುಕಾದ ಬಿಳಿ ಸೆರಗು. ತಪ್ಪು ನನ್ನದೇ. ಪ್ರಿಂಟ್ ತಲುಪಿಸಲು ಹಳ್ಳಿಗೆ ಹೋಗಿ, ಅಷ್ಟನ್ನು ಕತ್ತರಿಸಿ ಕೊಡುತ್ತೇನೆ ಎಂದಾಗ ಹೊಸ ಸೊಸೆ ಫೋಟೊವನ್ನು ಎದೆಗೊತ್ತಿಕೊಂಡಳು.

"ಬೇಡ ಬಿಡಿ. ಅಜ್ಜಿ ಇದಾರಲ್ಲ ಅದ್ರಲ್ಲಿ."

ಅಂದಿನಿಂದ ಕಿಂಡಿಗೆ ಕಣ್ಣಿಡುವ ಮೊದಲು ಒಮ್ಮೆ ಸುತ್ತ ನೋಡುತ್ತೇನೆ, ಯಾರಾದರೂ ದೂರ ಕೂತಿದ್ದಾರೆಯೇ ಎಂದು.