ಹೊಳೆ ಕಾಯುವವಳಿಗೆ ಹೇಳಿದ ಸುಳ್ಳು

ಡಾಕ್ಟರಮ್ಮ ನಿನ್ನನ್ನು ಬೇಡ ಅಂದಿರಲಿಲ್ಲ, ದೀಕ್ಷಾ. ಆ ಸುಳ್ಳು ನನ್ನದು.

ನೀನೀಗ ಒಳಗೆ ತಲೆ ಬಾಚಿಕೊಳ್ಳುತ್ತಾ ಹಾಡುತ್ತಿದ್ದೀಯ. ನಿನ್ನ ದನಿ ಕೇಳಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ — ಕುಣಿಯುವಷ್ಟು ಖುಷಿ, ಅದರ ಹಿಂದೆಯೇ ಆ ಸುಳ್ಳಿನ ನೆನಪು. ಬೆಳಿಗ್ಗೆ "ಅಜ್ಜೀ, ಇದು ಬೆಲ್ಲದ ಕಾಫಿಯಾ, ಕಾಫಿ ಬಿದ್ದ ಬೆಲ್ಲವಾ?" ಎಂದು ಕಿಚಾಯಿಸಿದೆಯಲ್ಲ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ನಿನ್ನ ಅಮ್ಮ ತೀರಿಕೊಂಡ ಮೇಲೆ ನೀನು ಮಾತೇ ಬಿಟ್ಟಿದ್ದೆ. ಮಡಿಕೇರಿಯ ಮನಸ್ಸಿನ ಡಾಕ್ಟರಮ್ಮ ನಿನ್ನನ್ನು ನಿನ್ನ ವಯಸ್ಸಿನ ಮಕ್ಕಳ ಜೊತೆ ಮೇಜಿನ ಸುತ್ತ ಕೂರಿಸಿದರು. ಅವರು ಕತೆ ಹೇಳುವುದು, ಮಕ್ಕಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ನಡೆಯುವುದು, ಗೆದ್ದರೋ ಸೋತರೋ ದಾಳ ಹೇಳುವುದು. ಇದು ಆಟವೂ ಹೌದು, ಮದ್ದೂ ಹೌದು ಅಂದರು. ನಾಲ್ಕಕ್ಷರ ಕಲಿತವಳು ನಾನು — ತಲೆಯಾಡಿಸಿದೆ.

ಒಂದು ಸಂಜೆ ನಿನ್ನ ಕೋಣೆಯಿಂದ ಗಡಸು ದನಿ: "ಹೊಳೆ ಕಾಯುವವಳು ನಾನು! ನನ್ನ ಕೇಳದೆ ಯಾರೂ ದಾಟಬಾರದು!" ನೀನು ಮುಂದಿನ ಆಟಕ್ಕೆ ನಿನ್ನ ಪಾತ್ರವನ್ನು ಅಭ್ಯಾಸ ಮಾಡುತ್ತಿದ್ದೆ. ನನಗೆ ಮಾತ್ರ ನಿನ್ನ ಮೈಮೇಲೆ ಏನೋ ಬಂದಂತೆ ಕಂಡಿತು. ಮೈಮೇಲೆ ಬಂದವರನ್ನು ಕೇಳುವ ಹಾಗೆಯೇ ಕೈಮುಗಿದು, "ಯಾರು ತಾಯಿ ನೀನು, ಏನು ಬೇಕು?" ಎಂದೆ. ನೀನು ನಕ್ಕುಬಿಟ್ಟೆ. ಎಷ್ಟೋ ಕಾಲದ ಮೇಲಿನ ನಗು — ನಾನು ಅದಕ್ಕೂ ಹೆದರಿದೆ. ತೋಟದ ಮೂಲೆಯಲ್ಲಿ ನಾವು ನಂಬಿದ ದೈವ ಗುಳಿಗನ ಕಲ್ಲಿಗೆ ಕೋಳಿ ಕೊಟ್ಟು ಬಂದು ನಿನಗೆ ಹೇಳಿದೆ: "ಇನ್ನು ಬರೋದು ಬೇಡ ಅಂದ್ರು ಮಗಾ ಡಾಕ್ಟರಮ್ಮ." ಅವರಿಗೆ ಫೋನಿನಲ್ಲಿ: "ಅವಳೇ ಬರಲ್ಲ ಅಂತಾಳೆ."

 ನೀನು ಗೋಡೆ ಕಡೆ ತಿರುಗಿ ಮಲಗಿದೆ. ಕಾಫಿ ಕೊಯ್ಲು ಮುಗಿಯುವವರೆಗೂ ಮತ್ತೆ ಮಾತಿಲ್ಲ. ಪೀಡೆ ತೊಲಗಿತು ಎಂದು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ —

ಆಮೇಲೆ ಸೋಮವಾರಪೇಟೆ ಸಂತೆಯಲ್ಲಿ ಆ ಮಕ್ಕಳಲ್ಲೊಬ್ಬಳ ತಾಯಿ ಸಿಕ್ಕಿದಳು. "ನಿಮ್ಮ ಮೊಮ್ಮಗಳ ಕುರ್ಚಿ ಹಂಗೇ ಇಟ್ಟಿದಾರೆ ಅಜ್ಜಿ. ಅವಳು ಬರ್ದೆ ಹೊಳೆ ದಾಟಲ್ಲ ಅಂತ ಹಟ ಮಾಡ್ತಾವೆ ಮಕ್ಳು" ಅಂದಳು. ನಾನು ಪೀಡೆ ಅಂದುಕೊಂಡದ್ದು ಆ ಆಟದಲ್ಲಿ ನಿನ್ನ ಪಾತ್ರವೆಂದು ಆಗ ತಿಳಿಯಿತು. ಆ ವಾರವೇ ನಿನ್ನನ್ನು ಕಳಿಸಿದೆ — "ಮತ್ತೆ ಕರೆದಿದಾರೆ" ಎಂಬ ಇನ್ನೊಂದು ಸುಳ್ಳು ಹೇಳಿ.

ಮಾತು ಮರಳಿತು. ಆದರೆ ಬಸ್ಸು ಹತ್ತುವಾಗಲೆಲ್ಲ ಕೇಳುತ್ತೀಯ: "ಅವ್ರು ಮತ್ತೆ ಬೇಡ ಅಂದ್ಬಿಟ್ರೆ? ನನ್ನ ಕೈಬಿಡದವಳು ನೀನೊಬ್ಳೇ ಅಜ್ಜಿ." ಹಾಗೆಂದು ನನ್ನ ತೋಳು ಹಿಡಿಯುತ್ತೀಯ. ಆ ತೋಳು — ನಿನ್ನನ್ನು ಅವರಿಂದ ಬಿಡಿಸಿದವಳದು.

ಬಸ್ಸಿಗೆ ಇನ್ನೂ ಹೊತ್ತಿದೆ. ನೀನು ಹೊರಗೆ ಬಂದೊಡನೆ, ಇಲ್ಲಿ ಕೂತ್ಕೋ ಮಗಾ, ಅನ್ನುತ್ತೇನೆ; ಇದನ್ನೆಲ್ಲ ಹೇಳಿಬಿಡುತ್ತೇನೆ. ಕೇಳಿದ ಮೇಲೆ ನನ್ನೊಡನೆ ಮಾತು ಬಿಟ್ಟರೂ ಸರಿ. ಡಾಕ್ಟರಮ್ಮನೊಡನೆ, ಆ ಮಕ್ಕಳೊಡನೆ ಬಿಡಬೇಡ.